ಸೆಡ್ ಮತ್ತು ಸಂರಚನಾ ಕಡತ: ಮೌನವಾಗಿ ತಪ್ಪುವ ಉಪಕರಣ

ಪ್ರಯೋಗಾಲಯದಲ್ಲಿ ಗಣಕ ಬಳಸುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುವ ಕೆಲಸವೊಂದಿದೆ. ಹಳೆಯ ತಂತ್ರಾಂಶದ ಬದಲು ಹೊಸದು ಬರುತ್ತದೆ. ಹಳೆಯದಕ್ಕೆ ಬರೆದಿಟ್ಟ ಸಂರಚನಾ ಕಡತಗಳನ್ನು, ಅಂದರೆ ತಂತ್ರಾಂಶ ಹೇಗೆ ನಡೆಯಬೇಕೆಂದು ಸೂಚಿಸುವ ಸಾದಾ ಪಠ್ಯದ ಕಡತಗಳನ್ನು, ಹೊಸ ರೂಪಕ್ಕೆ ತಿದ್ದಬೇಕಾಗುತ್ತದೆ. ಹಿಂದೆ 'ಹೆಸರು: ಮೌಲ್ಯ' ಎಂದಿದ್ದುದು ಈಗ 'ಹೆಸರು = ಮೌಲ್ಯ' ಎಂದಾಗಬೇಕು, ಅಷ್ಟೆ. ಹತ್ತು ಸಾಲಾದರೆ ಕೈಯಲ್ಲೇ ತಿದ್ದಬಹುದು. ಮುನ್ನೂರು ಸಾಲಾದರೆ ಬಲ್ಲವರು ಆಜ್ಞಾ ಸಾಲಿಗೆ ಹೋಗಿ, 'ಸೆಡ್' ಎಂಬ ಪುಟ್ಟ ತಂತ್ರಾಂಶಕ್ಕೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಕೊಟ್ಟು, ಒಂದೇ ಕ್ಷಣದಲ್ಲಿ ಮುಗಿಸುತ್ತಾರೆ.

ಸೆಡ್ ಬಳಸುವ ಬಗೆಯನ್ನು ಕಲಿಸುವ ಪುಸ್ತಕಗಳು ಸಾಕಷ್ಟಿವೆ. ಈ ಲೇಖನ ಅಂಥ ಪಾಠವಲ್ಲ. ಆ ಉಪಕರಣದ ಮತ್ತು ಅದನ್ನು ನಾವು ತರಗತಿಯಲ್ಲಿ ಕಲಿಸುವ ರೀತಿಯ ವಿಮರ್ಶೆ. ಭೌತವಿಜ್ಞಾನದಲ್ಲಿ ಯಾವುದೇ ಉಪಕರಣದ ಬಗ್ಗೆ ಎರಡು ಪ್ರಶ್ನೆ ಕೇಳುತ್ತೇವೆ: ಅದು ಏನನ್ನು ಅಳೆಯುತ್ತದೆ? ಅದು ತಪ್ಪಿದಾಗ ನಮಗೆ ತಿಳಿಯುವುದು ಹೇಗೆ? ಮೊದಲ ಪ್ರಶ್ನೆಗೆ ಸೆಡ್ ಒಳ್ಳೆಯ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ನನ್ನ ಆಕ್ಷೇಪವಿರುವುದು ಅಲ್ಲಿ.

ಹುಟ್ಟು ಮತ್ತು ಹಿರಿಮೆ

ರೆಗ್ಯುಲರ್ ಎಕ್ಸ್‌ಪ್ರೆಷನ್ ಗಣಕದ ಕೋಣೆಯಲ್ಲಿ ಹುಟ್ಟಿದ್ದಲ್ಲ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಎಂಬಿಬ್ಬರು ನರಕೋಶಗಳ ಜಾಲವನ್ನು ಗಣಿತದ ಮೂಲಕ ವಿವರಿಸಲು ಹೊರಟರು. ಅಂಥ ಜಾಲ ಯಾವ ಬಗೆಯ ಸಂಕೇತಮಾಲೆಗಳನ್ನು ಗುರುತಿಸಬಲ್ಲದು ಎಂಬ ಪ್ರಶ್ನೆಯನ್ನು ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನ್ 1951ರಲ್ಲಿ ಕೈಗೆತ್ತಿಕೊಂಡು, ಉತ್ತರವನ್ನು ಬರೆಯಲು ಒಂದು ಬೀಜಗಣಿತವನ್ನೇ ರಚಿಸಿದರು. 'ಶೂನ್ಯ ಬಾರಿ ಅಥವಾ ಎಷ್ಟು ಬಾರಿಯಾದರೂ' ಎಂಬುದನ್ನು ಸೂಚಿಸುವ ನಕ್ಷತ್ರ ಚಿಹ್ನೆಗೆ ಇಂದಿಗೂ ಅವರದೇ ಹೆಸರು. 1968ರಲ್ಲಿ ಕೆನ್ ಥಾಮ್ಸನ್ ಈ ಬೀಜಗಣಿತವನ್ನು ಪಠ್ಯದಲ್ಲಿ ಹುಡುಕುವ ಯಂತ್ರವನ್ನಾಗಿಸುವ ವಿಧಾನವನ್ನು ಪ್ರಕಟಿಸಿದರು. ಯೂನಿಕ್ಸ್‌ನ 'ಎಡ್' ಎಂಬ ಸಂಪಾದಕದ ಮೂಲಕ ಅದು 1973ರ 'ಗ್ರೆಪ್'ಗೆ ಬಂತು. ಅದೇ ಸುಮಾರಿಗೆ ಲೀ ಮೆಕ್‌ಮಹೊನ್ ರಚಿಸಿದ ಸೆಡ್‌ಗೂ ಬಂತು. ನರಕೋಶದ ಪ್ರಶ್ನೆಯೊಂದು ಮೂವತ್ತು ವರ್ಷಗಳಲ್ಲಿ ಕಡತ ತಿದ್ದುವ ಸಾಧನವಾದ ಈ ಕಥೆ ವಿದ್ಯಾರ್ಥಿಗಳು ತಿಳಿಯಬೇಕಾದದ್ದೇ.

ಸೆಡ್ ಕಡತವನ್ನು ಒಂದೊಂದೇ ಸಾಲಾಗಿ ಓದುತ್ತದೆ. ಸಾಲು ನಾವು ಕೊಟ್ಟ ವಿನ್ಯಾಸಕ್ಕೆ ಹೊಂದಿದರೆ ಬದಲಿಸುತ್ತದೆ, ಇಲ್ಲವಾದರೆ ಹಾಗೆಯೇ ಬಿಡುತ್ತದೆ. ಸಂರಚನಾ ಕಡತಗಳಲ್ಲಿ ಬಹುಪಾಲು 'ಒಂದು ಸಾಲಿಗೆ ಒಂದು ಸಂಗತಿ' ಎಂಬ ನಿಯಮದವು. ಹಾಗಾಗಿ ಉಪಕರಣಕ್ಕೂ ಕೆಲಸಕ್ಕೂ ಚೆನ್ನಾಗಿ ಹೊಂದುತ್ತದೆ. ಅರ್ಧ ಶತಮಾನ ದಾಟಿದರೂ ಸೆಡ್ ಬಳಕೆಯಲ್ಲಿ ಉಳಿದಿರುವುದು ಈ ಹೊಂದಾಣಿಕೆಯಿಂದಲೇ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು.

ಒಂದು ಸಾಲಿನ ತಪ್ಪು

ನಮ್ಮ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ಒಂಬತ್ತು ಗಣಕಗಳಿದ್ದವು. ಪ್ರತಿಯೊಂದೂ ಒಂದು ದತ್ತಾಂಶ ದಾಖಲಕಕ್ಕೆ ಜೋಡಣೆಯಾಗಿತ್ತು. ಪ್ರತಿ ಗಣಕದಲ್ಲೂ ಸುಮಾರು ನಲವತ್ತು ಸಾಲಿನ ಸಂರಚನಾ ಕಡತ. ತಂತ್ರಾಂಶ ಬದಲಾದಾಗ ಅವನ್ನು ಹೊಸ ರೂಪಕ್ಕೆ ತರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಒಂದು ಕಡತದ ಕೆಲವು ಸಾಲುಗಳು ಹೀಗಿದ್ದವು (ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ):

# ದಾಖಲಕ: ಎರಡನೆಯ ಮೇಜು
ಆವರ್ತನ: 1000
ಏರಿಕೆದರ: 2
ಶೀತಸಂಧಿ: 2:24.5

ಕೊನೆಯ ಸಾಲಿನ ಅರ್ಥ: ಎರಡನೆಯ ವಾಹಿನಿಯ ಉಷ್ಣಯುಗ್ಮದ ಶೀತಸಂಧಿ 24.5 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಉಷ್ಣಯುಗ್ಮ ಅಳೆಯುವುದು ಬಿಸಿ ಸಂಧಿ ಮತ್ತು ಶೀತಸಂಧಿಗಳ ನಡುವಣ ವ್ಯತ್ಯಾಸವನ್ನು ಮಾತ್ರ. ಶೀತಸಂಧಿಯ ಉಷ್ಣತೆ ಗೊತ್ತಿಲ್ಲದೆ ಬಿಸಿ ಸಂಧಿಯ ಉಷ್ಣತೆ ಹೇಳಲಾಗದು.

ನಾನು ಸೆಡ್‌ಗೆ ಕೊಟ್ಟ ವಿನ್ಯಾಸ, ವಿಸ್ತೃತ ಶೈಲಿಯಲ್ಲಿ, ಇದು:

(.*): *(.*)

ಇದರ ಬದಲಿಗೆ ಬರಬೇಕಾದದ್ದು:

\1 = \2

ಚುಕ್ಕೆಯೆಂದರೆ ಯಾವುದೇ ಒಂದು ಅಕ್ಷರ; ಚುಕ್ಕೆಯ ಮುಂದೆ ನಕ್ಷತ್ರವೆಂದರೆ ಅಂಥವು ಎಷ್ಟಾದರೂ. ಆವರಣದೊಳಗೆ ಸಿಕ್ಕಿದ್ದನ್ನು \1, \2 ಎಂದು ಮರಳಿ ಪಡೆಯಬಹುದು. 'ಕೋಲನ್‌ನ ಹಿಂದಿನದು, ಮುಂದಿನದು' ಎಂದು ನಾನು ಓದಿಕೊಂಡೆ. ಸೆಡ್ ಓದಿಕೊಂಡದ್ದು ಬೇರೆ. ನಕ್ಷತ್ರಕ್ಕೆ ಆಸೆ ಹೆಚ್ಚು. ಎಷ್ಟು ಸಿಗುತ್ತದೋ ಅಷ್ಟನ್ನೂ ಬಾಚಿಕೊಳ್ಳುತ್ತದೆ. ಸಾಲಿನಲ್ಲಿ ಎರಡು ಕೋಲನ್ ಇದ್ದರೆ ಅದು ನಿಲ್ಲುವುದು ಎರಡನೆಯದರ ಬಳಿ. ಒಂದೇ ಕೋಲನ್ ಇದ್ದ ಸಾಲುಗಳೆಲ್ಲ ಸರಿಯಾಗಿಯೇ ಬದಲಾದವು. ಶೀತಸಂಧಿಯ ಸಾಲು ಮಾತ್ರ ಹೀಗಾಯಿತು:

ಶೀತಸಂಧಿ: 2 = 24.5

'ಶೀತಸಂಧಿ: 2' ಎಂಬ ಹೆಸರಿನ ಸಂಗತಿ ಹೊಸ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅದು ಸದ್ದಿಲ್ಲದೆ ಕಡೆಗಣಿಸಿ, ಶೀತಸಂಧಿ ಸೊನ್ನೆ ಡಿಗ್ರಿಯಲ್ಲಿದೆ ಎಂದು ಭಾವಿಸಿಕೊಂಡಿತು. ಸುಮಾರು 360 ಸಾಲುಗಳಲ್ಲಿ ಕೆಟ್ಟದ್ದು ಅದೊಂದೇ. ಬೇರೆ ಯಾವ ಮೇಜಿನಲ್ಲೂ ಆ ಬಗೆಯ ಸಾಲು ಇರಲಿಲ್ಲ. ನಾನು ಎರಡು ಕಡತ ತೆರೆದು ನೋಡಿ, ಎಲ್ಲವೂ ಸರಿಯಿದೆಯೆಂದು ಎದ್ದುಹೋದೆ.

ಆ ಮೇಜಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಸ್ಟ್ರಾನ್ಷಿಯಮ್ ಬೆರೆಸಿದ ಬೇರಿಯಮ್ ಟೈಟನೇಟ್‌ನ ಕ್ಯೂರಿ ಉಷ್ಣತೆಯನ್ನು ಅಳೆಯುತ್ತಿದ್ದಳು. ಶುದ್ಧ ಬೇರಿಯಮ್ ಟೈಟನೇಟ್‌ನಲ್ಲಿ ಅದು ಸುಮಾರು 120 ಡಿಗ್ರಿ. ಸ್ಟ್ರಾನ್ಷಿಯಮ್ ಬೆರೆತಷ್ಟೂ ಕೆಳಗಿಳಿಯುತ್ತದೆ. ಅವಳಿಗೆ ಸಿಕ್ಕ ಮೌಲ್ಯಗಳೂ ಇಳಿಯುತ್ತಲೇ ಇದ್ದವು, ನಿರೀಕ್ಷೆಗಿಂತ ಇನ್ನಷ್ಟು ಕೆಳಗೆ. ಕಣಗಳ ಗಾತ್ರದ ಪರಿಣಾಮವಿರಬಹುದೆಂದು ಅವಳು ಬರೆದಳು. ಓದಿ ನಾನೂ ತಲೆದೂಗಿದೆ. ಎರಡು ತಿಂಗಳ ನಂತರ ಏನನ್ನೂ ಬೆರೆಸದ ಮಾದರಿಯನ್ನಿಟ್ಟು ಅಳೆದಾಗ 96ರ ಆಸುಪಾಸಿನ ಅಂಕಿ ಬಂತು. ಆಗ ನಮ್ಮಿಬ್ಬರಿಗೂ ಕಣ್ಣು ತೆರೆಯಿತು. 24 ಕೂಡಿಸಿದರೆ ಆಯಿತಲ್ಲ ಎಂದು ಕೆಲವರು ಸೂಚಿಸಿದರು. ಆದರೆ ಆ ದಿನಗಳಲ್ಲಿ ವಿದ್ಯುತ್ ಹೋದಾಗಲೆಲ್ಲ ಕೋಣೆಯ ಉಷ್ಣತೆ ಏರುತ್ತಿತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಹಾಗೆ ಕೂಡಿಸಿದ ಅಂಕಿ ಊಹೆಯಾಗುತ್ತದೆಯೇ ಹೊರತು ಅಳತೆಯಾಗುವುದಿಲ್ಲ. ಅವಳು ಎಲ್ಲವನ್ನೂ ಮತ್ತೆ ಅಳೆದಳು. ತಪ್ಪು ನನ್ನದು, ಬೆಲೆ ತೆತ್ತವಳು ಅವಳು.

ಮೌನವೇ ಮುಖ್ಯ ದೋಷ

ರೆಗ್ಯುಲರ್ ಎಕ್ಸ್‌ಪ್ರೆಷನ್ ಕುರಿತ ಸಾಮಾನ್ಯ ದೂರು ಅದು ಓದಲು ಕಷ್ಟ ಎಂಬುದು. ಇದನ್ನು ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ. ಕಲನಶಾಸ್ತ್ರದ ಚಿಹ್ನೆಗಳೂ ಮೊದಲ ನೋಟಕ್ಕೆ ಕಷ್ಟವೇ. ನಿಜವಾದ ದೋಷ ಅದರ ಮೌನ.

ಗ್ರೆಪ್ ತಾನು ಹುಡುಕಿದ್ದು ಸಿಕ್ಕಿತೋ ಇಲ್ಲವೋ ಎಂಬುದನ್ನು ತನ್ನ ಮುಕ್ತಾಯ ಸಂಖ್ಯೆಯಲ್ಲಿ ಹೇಳುತ್ತದೆ: ಸಿಕ್ಕಿದರೆ 0, ಸಿಗದಿದ್ದರೆ 1. ಸೆಡ್ ಸಾವಿರ ಸಾಲು ಬದಲಿಸಿದರೂ 0, ಒಂದನ್ನೂ ಬದಲಿಸದಿದ್ದರೂ 0. ಎಷ್ಟು ಸಾಲು ಬದಲಾದವು, ಎಷ್ಟು ಹೊಂದದೆ ಉಳಿದವು ಎಂಬ ಲೆಕ್ಕವನ್ನು ಅದು ತಾನಾಗಿ ಕೊಡುವುದಿಲ್ಲ. ಸೂಚಿಯಿಲ್ಲದ ತಕ್ಕಡಿಯಂತೆ ಇದು: ತೂಕ ಹಾಕಿದ್ದೇವೆಂಬುದು ಗೊತ್ತು, ತೂಗಿತೇ ಎಂಬುದು ಗೊತ್ತಿಲ್ಲ.

ಇದಕ್ಕೆ ಉಪಭಾಷೆಗಳ ಗೊಂದಲವೂ ಸೇರಿಕೊಳ್ಳುತ್ತದೆ. ವಿಸ್ತೃತ ಶೈಲಿಯಲ್ಲಿ [0-9]+ ಎಂದರೆ ಒಂದು ಅಥವಾ ಹೆಚ್ಚು ಅಂಕಿ. ಸೆಡ್‌ನ ಮೂಲ ಶೈಲಿಯಲ್ಲಿ ಅದೇ ಬರಹಕ್ಕೆ 'ಒಂದು ಅಂಕಿ, ಅದರ ಮುಂದೆ ಕೂಡುವ ಚಿಹ್ನೆ' ಎಂಬ ಅರ್ಥ. 25 ಇದಕ್ಕೆ ಹೊಂದುವುದಿಲ್ಲ. ಕಡತ ಒಂದಿಷ್ಟೂ ಬದಲಾಗದೆ ಉಳಿಯುತ್ತದೆ, ಸೆಡ್ ಮಾತ್ರ ಯಶಸ್ಸಿನ 0 ಕೊಡುತ್ತದೆ. ಆಜ್ಞಾ ಸಾಲಿನಲ್ಲಿ ಕಡತಗಳ ಹೆಸರಿಗೆ ಬಳಸುವ ನಕ್ಷತ್ರದ ಅರ್ಥವೇ ಬೇರೆ, ವಿನ್ಯಾಸದೊಳಗಿನ ನಕ್ಷತ್ರದ ಅರ್ಥವೇ ಬೇರೆ. ಒಂದೇ ಸಾಲಿನಲ್ಲಿ ಎರಡೂ ಬಂದಾಗ ಹೊಸಬರು ಎಡವುವುದು ಸಹಜ.

ಕಡತವನ್ನು ಇದ್ದಲ್ಲೇ ತಿದ್ದುವ ಸೌಲಭ್ಯವೂ ಇದೆ. ಗ್ನೂ ಸೆಡ್‌ನಲ್ಲಿ ಅದಕ್ಕೆ ಪ್ರತ್ಯಯವೊಂದನ್ನು ಜೋಡಿಸಿದರೆ ಮಾತ್ರ ಹಳೆಯ ಪ್ರತಿ ಉಳಿಯುತ್ತದೆ. ಜೋಡಿಸದಿದ್ದರೆ ಹಳೆಯದು ಹೋಯಿತೆಂದೇ ಲೆಕ್ಕ. ಮೌನವಾಗಿ ತಪ್ಪುವ ಉಪಕರಣಕ್ಕೆ ಮೂಲವನ್ನೇ ಅಳಿಸುವ ಅಧಿಕಾರ ಕೊಟ್ಟಂತಾಯಿತು.

ವೇಗದ ಪ್ರಶ್ನೆ

ತಪ್ಪಾಗಿ ಹೊಂದುವುದು ಒಂದು ಅಪಾಯವಾದರೆ, ಹೊಂದುತ್ತದೆಯೇ ಎಂದು ನೋಡುವುದರಲ್ಲೇ ಕಾಲ ಕಳೆಯುವುದು ಇನ್ನೊಂದು. ಪರ್ಲ್, ಪೈಥಾನ್ ಮುಂತಾದ ಭಾಷೆಗಳಲ್ಲಿರುವ ಯಂತ್ರ ಒಂದು ದಾರಿ ಮುಚ್ಚಿದರೆ ಹಿಂದೆ ಬಂದು ಮತ್ತೊಂದನ್ನು ಪರೀಕ್ಷಿಸುತ್ತದೆ. ಸಮಚಿಹ್ನೆ ಇರುವ ಸಾಲನ್ನು ಹುಡುಕಲು ಅಜಾಗರೂಕತೆಯಿಂದ .*.*= ಎಂದು ಬರೆದೆವೆನ್ನಿ. ಸಮಚಿಹ್ನೆಯೇ ಇಲ್ಲದ 20 ಅಕ್ಷರದ ಸಾಲು ಎದುರಾದರೆ, ಆರಂಭದ ಒಂದೇ ಸ್ಥಾನದಿಂದ 231 ಬಗೆಯಲ್ಲಿ ಪ್ರಯತ್ನಿಸಿ ಸೋಲಬೇಕು. 200 ಅಕ್ಷರವಾದರೆ 20,301. ಸಾಲು ಹತ್ತು ಪಟ್ಟು ಉದ್ದವಾದರೆ ಶ್ರಮ ಸುಮಾರು 88 ಪಟ್ಟು. ಈ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು.

ಇದು ಬರಿಯ ಲೆಕ್ಕದ ಆಟವಲ್ಲ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲ ಪ್ರಪಂಚದಾದ್ಯಂತ ಸುಮಾರು 27 ನಿಮಿಷ ಕುಸಿಯಿತು. ಕಾರಣ, ರಕ್ಷಣಾ ನಿಯಮವೊಂದರ ವಿನ್ಯಾಸದ ಕೊನೆಯಲ್ಲಿದ್ದ ಇಂಥದ್ದೇ ತುಣುಕು: ಚುಕ್ಕೆ ನಕ್ಷತ್ರ, ಚುಕ್ಕೆ ನಕ್ಷತ್ರ, ಸಮಚಿಹ್ನೆ, ಮತ್ತೆ ಚುಕ್ಕೆ ನಕ್ಷತ್ರ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ತಾಣ 34 ನಿಮಿಷ ನಿಂತುಹೋಗಿತ್ತು. ಅಲ್ಲಿ ಸಾಲಿನ ಕೊನೆಯ ಖಾಲಿ ಜಾಗವನ್ನು ಕತ್ತರಿಸುವ ವಿನ್ಯಾಸವೊಂದು ಸುಮಾರು 20,000 ಖಾಲಿ ಅಕ್ಷರಗಳ ಸಾಲನ್ನು ಎದುರಿಸಿ, 20 ಕೋಟಿಯಷ್ಟು ಹೋಲಿಕೆಗಳಲ್ಲಿ ಮುಳುಗಿತ್ತು. ಎರಡೂ ಕಡೆ ವಿನ್ಯಾಸಗಳು ಕೊಟ್ಟ ಉತ್ತರದಲ್ಲಿ ತಪ್ಪಿರಲಿಲ್ಲ. ಉತ್ತರ ಕೊಡಲು ತೆಗೆದುಕೊಂಡ ಕಾಲ ಅಪಾಯಕಾರಿಯಾಯಿತು. ಥಾಮ್ಸನ್ 1968ರಲ್ಲೇ ತೋರಿಸಿದ ವಿಧಾನದಲ್ಲಿ ಶ್ರಮ ಪಠ್ಯದ ಉದ್ದಕ್ಕೆ ಅನುಪಾತದಲ್ಲಷ್ಟೇ ಬೆಳೆಯುತ್ತದೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಹಳೆಯ ಪ್ರಬಂಧಗಳನ್ನು ಓದದಿರುವುದಕ್ಕೂ ಬೆಲೆಯಿದೆ.

ಎಲ್ಲಿ ಬಳಸಬಾರದು

ಕ್ಲೀನ್‌ರ ಬೀಜಗಣಿತಕ್ಕೆ ಒಂದು ಖಚಿತವಾದ ಎಲ್ಲೆಯಿದೆ. ಅದು ಪರಿಮಿತ ಸ್ಥಿತಿಗಳ ಯಂತ್ರಕ್ಕೆ ಸಮ. ಒಂದರೊಳಗೊಂದು ಎಷ್ಟು ಆಳಕ್ಕಾದರೂ ಹೋಗಬಹುದಾದ ಆವರಣಗಳನ್ನು ಅಂಥ ಯಂತ್ರ ಎಣಿಸಲಾರದು, ಏಕೆಂದರೆ ಎಣಿಕೆಯನ್ನು ನೆನಪಿಡಲು ಅದಕ್ಕೆ ಅಷ್ಟು ಸ್ಥಿತಿಗಳಿಲ್ಲ. ಎಕ್ಸ್‌ಎಂಎಲ್, ಜೇಸನ್, ಆವರಣದೊಳಗೆ ಆವರಣವಿರುವ ಜಾಲ ಪರಿಚಾರಕದ ಸಂರಚನೆ, ಅಂಚಿನ ಖಾಲಿ ಜಾಗದಿಂದಲೇ ಅರ್ಥ ಹೇಳುವ ಯಾಮಲ್ — ಇವೆಲ್ಲ ಆ ಎಲ್ಲೆಯ ಆಚೆ ನಿಲ್ಲುತ್ತವೆ. ಇಂಥ ಕಡತದ ಒಂದು ಪರಿಚಿತ ಸಾಲನ್ನು ಸೆಡ್‌ನಿಂದ ತಿದ್ದಬಹುದು. ಅದರ ರಚನೆಯನ್ನೇ ಸೆಡ್‌ನಿಂದ ಬದಲಿಸಹೊರಟರೆ ಅಡಿಕೋಲಿನಿಂದ ಕಾಲ ಅಳೆಯಹೊರಟಂತೆ. ಅಲ್ಲಿಗೆ ರಚನೆಯನ್ನು ಅರಿತು ಓದುವ ಸಾಧನ ಬೇಕು. ಜೇಸನ್‌ಗೆ ಜೆಕ್ಯೂ ಇದೆ. ಪೈಥಾನ್‌ನೊಡನೆಯೇ ಜೇಸನ್ ಮತ್ತು ಎಕ್ಸ್‌ಎಂಎಲ್ ಓದುವ ಗ್ರಂಥಾಲಯಗಳು ಬರುತ್ತವೆ.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಇನ್ನೊಂದು ಎಲ್ಲೆಯನ್ನೂ ಗಮನಿಸಬೇಕು. ಚುಕ್ಕೆಯೆಂದರೆ ಒಂದು ಅಕ್ಷರ ಎಂದೆನಲ್ಲವೆ? ಯೂನಿಕೋಡ್‌ನ ಲೆಕ್ಕದಲ್ಲಿ ಅಕ್ಷರವೆಂದರೆ ಒಂದು ಸಂಕೇತ, ನಾವು ಉಚ್ಚರಿಸುವ ಅಕ್ಷರವಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯೂನಿಕೋಡ್‌ಗೆ ಆರು ಸಂಕೇತ: ಸ, ವಿರಾಮ, ತ, ವಿರಾಮ, ರ ಮತ್ತು ಈಕಾರದ ಚಿಹ್ನೆ. ಚುಕ್ಕೆಯೊಂದನ್ನು ನಂಬಿ ಅದನ್ನು ಕತ್ತರಿಸಿದರೆ ಒತ್ತಕ್ಷರ ಒಂದು ಕಡೆ, ಗುಣಿತ ಇನ್ನೊಂದು ಕಡೆ. ಹಾಗೆಯೇ [0-9] ಎಂಬುದು ಕನ್ನಡದ ೦ಯಿಂದ ೯ರವರೆಗಿನ ಅಂಕಿಗಳಿಗೆ ಹೊಂದುವುದಿಲ್ಲ.

ವಿನ್ಯಾಸವೆಂಬ ಊಹನ

ಹಾಗಾದರೆ ಈ ಸಾಧನವನ್ನು ಬಿಡಬೇಕೆ? ಬೇಡ. ಅದನ್ನು ಬಳಸುವ ಮನೋಧರ್ಮ ಬದಲಾಗಬೇಕು. ನಾವು ಬರೆಯುವ ಪ್ರತಿಯೊಂದು ವಿನ್ಯಾಸವೂ ಆ ಕಡತದ ಕುರಿತ ಒಂದು ಊಹನ. (.*):(.*) ಎಂದು ಬರೆದಾಗ 'ಈ ಕಡತದ ಯಾವ ಸಾಲಿನಲ್ಲೂ ಎರಡು ಕೋಲನ್ ಇಲ್ಲ' ಎಂದು ನಾನು ಪ್ರತಿಪಾದಿಸಿದ್ದೆ, ಅದು ನನಗೇ ತಿಳಿಯದೆ. ಊಹನವನ್ನು ಪರೀಕ್ಷೆಗೊಡ್ಡದೆ ಒಪ್ಪುವುದು ವಿಜ್ಞಾನದ ಮಾರ್ಗವಲ್ಲ.

ನನ್ನ ವಿನ್ಯಾಸ ಹೇಗಿರಬೇಕಿತ್ತು ಎಂಬುದನ್ನು ಹಂತ ಹಂತವಾಗಿ ನೋಡೋಣ. ಸಿಕ್ಕಿದ್ದನ್ನೆಲ್ಲ ಬಾಚುವ ಚುಕ್ಕೆಯ ಬದಲು 'ಕೋಲನ್ ಅಲ್ಲದ ಅಕ್ಷರಗಳು' ಎಂದು ಸಾಲಿನ ಮೊದಲಿನಿಂದಲೇ ಕಟ್ಟುನಿಟ್ಟಾಗಿ ಹೇಳಬೇಕು:

^([^:]+): *(.*)$

ಈಗ ಶೀತಸಂಧಿಯ ಸಾಲು ಸರಿಯಾಗಿ 'ಶೀತಸಂಧಿ = 2:24.5' ಎಂದಾಗುತ್ತದೆ. ಆದರೆ # ಚಿಹ್ನೆಯಿಂದ ಆರಂಭವಾಗುವ ಟಿಪ್ಪಣಿಯ ಸಾಲೂ ಬದಲಾಗುತ್ತದೆ. ಅದನ್ನೂ ಹೊರಗಿಡೋಣ:

^([^#:]+): *(.*)$

ಇಷ್ಟಾದರೂ ಒಂದು ಬಲೆ ಉಳಿದಿದೆ. ಮರೆತು ಎರಡನೆಯ ಬಾರಿ ಇದನ್ನೇ ನಡೆಸಿದರೆ 'ಶೀತಸಂಧಿ = 2:24.5' ಎಂಬುದು 'ಶೀತಸಂಧಿ = 2 = 24.5' ಆಗುತ್ತದೆ. ಸಮಚಿಹ್ನೆಯನ್ನೂ ಹೊರಗಿಟ್ಟರೆ ಎಷ್ಟು ಬಾರಿ ನಡೆಸಿದರೂ ಫಲಿತಾಂಶ ಒಂದೇ:

^([^#:=]+): *(.*)$

ಚೌಕಾವರಣದೊಳಗಿನ ಮೂರು ಚಿಹ್ನೆಗಳು ಮೂರು ಪಾಠಗಳು. ಅವು ಚಿಹ್ನೆಗಳ ಪಟ್ಟಿಯನ್ನು ಕಂಠಪಾಠ ಮಾಡಿದ್ದರಿಂದ ಬರಲಿಲ್ಲ; ಕಡತವನ್ನು ನೋಡಿದ್ದರಿಂದ ಬಂದವು.

ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಉಪಕರಣದ ಮೌನ ಹಾಗೆಯೇ ಇರುತ್ತದೆ. ಅದಕ್ಕೆ ಮಾತು ಕೊಡುವ ಕೆಲಸ ನಮ್ಮದು. ಮೊದಲು ಕಡತದ ಪ್ರತಿ ತೆಗೆದಿಡಬೇಕು. ಎಷ್ಟು ಸಾಲು ಬದಲಾಗಬೇಕೆಂದು ಕಡತ ನೋಡಿ ಕಾಗದದ ಮೇಲೆ ಬರೆಯಬೇಕು. ಅದೇ ವಿನ್ಯಾಸವನ್ನು ಗ್ರೆಪ್‌ಗೆ ಕೊಟ್ಟು ಎಣಿಸಿ, ಸಂಖ್ಯೆ ಹೊಂದುತ್ತದೆಯೇ ನೋಡಬೇಕು. ಹೊಂದದೆ ಉಳಿದ ಸಾಲುಗಳನ್ನೂ ಮುದ್ರಿಸಿ ಓದಬೇಕು. ಸೆಡ್‌ನ ಫಲಿತಾಂಶವನ್ನು ಬೇರೆ ಕಡತಕ್ಕೆ ಬರೆಸಿ, 1974ರಿಂದ ಯೂನಿಕ್ಸ್‌ನೊಂದಿಗಿರುವ 'ಡಿಫ್'ನಿಂದ ಹಳೆಯದನ್ನೂ ಹೊಸದನ್ನೂ ಹೋಲಿಸಬೇಕು. ಕೊನೆಯದಾಗಿ, ಉತ್ತರ ಮೊದಲೇ ಗೊತ್ತಿರುವ ಮಾದರಿಯೊಂದನ್ನು ಅಳೆಯಬೇಕು. ಇದೆಲ್ಲಕ್ಕೂ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ನಾನು ಉಳಿಸಿದೆ. ಎರಡು ತಿಂಗಳು ಹೋಯಿತು. ಬರಿಯ ಎಣಿಕೆ ನನ್ನನ್ನು ಕಾಪಾಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಶೀತಸಂಧಿಯ ಸಾಲು ವಿನ್ಯಾಸಕ್ಕೆ ಹೊಂದಿಯೇ ಇತ್ತು, ಹೊಂದಿದ ಬಗೆ ತಪ್ಪಾಗಿತ್ತು. ಡಿಫ್‌ನ ಹೋಲಿಕೆಯನ್ನು ಕಣ್ಣಿಟ್ಟು ಓದಿದ್ದರೆ ಅದು ಎದ್ದು ಕಾಣುತ್ತಿತ್ತು.

ಅಧ್ಯಾಪಕರಲ್ಲಿ ಒಂದು ಮಾತು

ನಮ್ಮ ತರಗತಿಗಳಲ್ಲಿ ಈ ವಿಷಯವನ್ನು ಕಲಿಸುವ ಕ್ರಮ ಸಾಮಾನ್ಯವಾಗಿ ಹೀಗೆ: ಚುಕ್ಕೆಗೆ ಇಂಥ ಅರ್ಥ, ನಕ್ಷತ್ರಕ್ಕೆ ಇಂಥ ಅರ್ಥ ಎಂಬ ಕೋಷ್ಟಕ, ಪರೀಕ್ಷೆಯಲ್ಲಿ ಅದೇ ಕೋಷ್ಟಕದ ಪ್ರಶ್ನೆ. ಉತ್ತರಿಸಿದ ವಿದ್ಯಾರ್ಥಿ ಪೂರ್ಣ ಅಂಕ ಪಡೆದು ಬಂದು, ನಾನು ಮಾಡಿದ ತಪ್ಪನ್ನೇ ಮಾಡುತ್ತಾನೆ. ಈಗಂತೂ ವಿನ್ಯಾಸವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೇ ಬರೆದುಕೊಡುತ್ತದೆ. ಬರೆಯುವ ಶ್ರಮ ಕಡಿಮೆಯಾದಷ್ಟೂ ಪರೀಕ್ಷಿಸುವ ಹೊಣೆ ಹೆಚ್ಚುತ್ತದೆ, ಏಕೆಂದರೆ ನಮ್ಮ ಕಡತದ ಎರಡು ಕೋಲನ್‌ಗಳ ಸಾಲನ್ನು ಆ ತಂತ್ರಾಂಶ ನೋಡಿಯೇ ಇರುವುದಿಲ್ಲ.

ಬದಲಿಗೆ ಹೀಗೆ ಮಾಡಿ ನೋಡಬಹುದು. ಇಪ್ಪತ್ತು ಸಾಲಿನ ಸಂರಚನಾ ಕಡತವೊಂದನ್ನು ಕೊಡಿ. ಅದರಲ್ಲಿ ಎರಡು ಕೋಲನ್‌ಗಳ ಒಂದು ಸಾಲು, ಕೋಲನ್ ಇರುವ ಒಂದು ಟಿಪ್ಪಣಿ, ಈಗಾಗಲೇ ಹೊಸ ರೂಪದಲ್ಲಿರುವ ಒಂದು ಸಾಲು ಅಡಗಿರಲಿ. ಆಜ್ಞೆ ನಡೆಸುವ ಮೊದಲು ಎಷ್ಟು ಸಾಲು ಬದಲಾಗುತ್ತವೆ, ಹೇಗೆ ಬದಲಾಗುತ್ತವೆ ಎಂದು ಬರೆದುಕೊಡಲು ಹೇಳಿ. ಅಂಕವನ್ನು ವಿನ್ಯಾಸಕ್ಕೆ ಅರ್ಧ, ಆ ಮುನ್ಸೂಚನೆ ಮತ್ತು ಹೋಲಿಕೆಗೆ ಅರ್ಧ ಕೊಡಿ. ಪ್ರಯೋಗದ ದಾಖಲೆಯಲ್ಲಿ ಅಳತೆಯ ಪಕ್ಕ ದೋಷದ ಮಿತಿಯನ್ನು ಬರೆಯದಿದ್ದರೆ ಅಂಕ ಕಡಿಯುವ ನಾವು, ಇಲ್ಲಿ ಮಾತ್ರ ಏಕೆ ಸುಮ್ಮನಿರಬೇಕು?

ಆ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು ತಡವಾಗಿಯಾದರೂ ಸರಿಯಾದ ಅಂಕಿಗಳೊಡನೆ ಸಲ್ಲಿಸಿದಳು. ಕಣಗಳ ಗಾತ್ರದ ಕುರಿತ ಆ ಪ್ಯಾರಾ ಅದರಲ್ಲಿ ಇರಲಿಲ್ಲ. ಅದನ್ನು ಬರೆಯಿಸಿದ್ದು ನಿಸರ್ಗವಲ್ಲ, ಒಂದು ನಕ್ಷತ್ರ ಚಿಹ್ನೆ. ಈಗ ನಮ್ಮ ಪ್ರಯೋಗಾಲಯದಲ್ಲಿ ಯಾವ ಗಣಕದ ಸಂರಚನೆ ತಿದ್ದಿದರೂ ಡಿಫ್‌ನ ಹೋಲಿಕೆಯನ್ನು ಮುದ್ರಿಸಿ, ಸಹಿ ಹಾಕಿ, ಆ ಮೇಜಿನ ದಾಖಲೆ ಪುಸ್ತಕಕ್ಕೆ ಅಂಟಿಸಬೇಕೆಂಬ ನಿಯಮವಿದೆ. ಮೊದಲ ಪುಟದ ಸಹಿ ನನ್ನದು.